ಗಣಕಯಂತ್ರದ ಆವೃತ್ತಿಗಳೂ ಅವುಗಳೊಳಕ್ಕೆ ಕನ್ನಡವು ಬಂದ ಬಗೆಯೂ

ಪುಸ್ತಕವೊಂದನ್ನು ಕೈಗೆತ್ತಿಕೊಂಡವರು ಅದರ ಹೆಸರನ್ನೂ ಬರೆದವರ ಹೆಸರನ್ನೂ ನೋಡುವರೇ ಹೊರತು, ಅದು ಎಷ್ಟನೆಯ ಆವೃತ್ತಿಯೆಂಬುದನ್ನು ಗಮನಿಸುವವರು ವಿರಳ. ಪಾಠ ಹೇಳುವವರಾದರೋ ಮೊದಲು ಅದನ್ನೇ ನೋಡುವರು. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರಿಂದ ಪ್ರಕಟವಾಯಿತು. ಎಷ್ಟೋ ವರ್ಷಗಳ ತರುವಾಯ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಲು, ಮದರಾಸು ವಿಶ್ವವಿದ್ಯಾನಿಲಯವು ಹೊಸ ಆವೃತ್ತಿಯನ್ನು ಹೊರತಂದಿತು. ಎರಡಕ್ಕೂ ಹೆಸರು ಕಿಟ್ಟೆಲರದೇ. ಆದರೂ ಒಂದರಲ್ಲಿರುವ ಶಬ್ದವು ಇನ್ನೊಂದರಲ್ಲಿ ಅದೇ ಪುಟದಲ್ಲಿ ದೊರೆಯುವುದಿಲ್ಲ. ಒಂದರಲ್ಲಿಲ್ಲದ ಅರ್ಥವು ಇನ್ನೊಂದರಲ್ಲಿ ದೊರೆಯುವುದುಂಟು.

ಗಣಕಯಂತ್ರದ ವಿಷಯವೂ ಹೀಗೆಯೇ. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಕಚೇರಿಗಳಲ್ಲಿಯೂ ಪಂಚಾಯಿತಿಗಳಲ್ಲಿಯೂ ಡಿಟಿಪಿ ಅಂಗಡಿಗಳಲ್ಲಿಯೂ ಆ ಯಂತ್ರದ ಮುಂದೆ ಕುಳಿತು ಜೀವನ ಸಾಗಿಸುತ್ತಿದ್ದಾರೆ. ಅವರಲ್ಲಿ ಬಹುಮಂದಿ ಈ ಸಂಗತಿಯನ್ನು ಕಂಡಿರಬಹುದು: 1999ರಲ್ಲಿ ಕನ್ನಡದಲ್ಲಿ ಬರೆದಿಟ್ಟ ಲಗ್ನಪತ್ರಿಕೆಯನ್ನೋ ಸಂಘದ ವರದಿಯನ್ನೋ ಹೊಸ ಗಣಕದಲ್ಲಿ ತೆರೆದರೆ, ಕನ್ನಡ ಅಕ್ಷರಗಳ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳು ಕಾಣುತ್ತವೆ. ಬರೆದವರು ಬದಲಾಗಲಿಲ್ಲ, ಕಡತವೂ ಕೆಡಲಿಲ್ಲ. ಹಾಗಾದರೆ ಕನ್ನಡವೆಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರವು ಗಣಕದ ಆವೃತ್ತಿಗಳ ಚರಿತ್ರೆಯಲ್ಲಿ ಅಡಗಿದೆ. ಅದನ್ನು ಕ್ರಮವಾಗಿ ತಿಳಿಯುವುದೇ ಈ ಪಾಠದ ಉದ್ದೇಶ.

1. ಕಾರ್ಯಾಚರಣ ವ್ಯವಸ್ಥೆ ಎಂದರೇನು?

ಗಣಕದಲ್ಲಿ ನಡೆಯುವ ಕೆಲಸಗಳಿಗೆ ಬೇರೆ ಬೇರೆ ತಂತ್ರಾಂಶಗಳುಂಟು. ಒಂದು ಪತ್ರ ಬರೆಯಲಿಕ್ಕೆ, ಒಂದು ಲೆಕ್ಕವಿಡಲಿಕ್ಕೆ, ಮತ್ತೊಂದು ಚಿತ್ರ ಬಿಡಿಸಲಿಕ್ಕೆ. ಇವೆಲ್ಲಕ್ಕೂ ಕೆಳಗೆ ಆಧಾರವಾಗಿ ನಿಂತು, ಅವುಗಳಿಗೆ ಬೇಕಾದುದನ್ನು ಒದಗಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು.

ಇದನ್ನು ಶಾಲೆಯ ಕಚೇರಿಗೆ ಹೋಲಿಸಬಹುದು. ಉಪಾಧ್ಯಾಯಿನಿಯರು ತಮ್ಮ ತಮ್ಮ ವಿಷಯಗಳನ್ನು ಕಲಿಸುತ್ತಾರೆ. ಆದರೆ ಯಾವ ತರಗತಿಗೆ ಯಾವ ಕೊಠಡಿ, ಯಾವ ಗಂಟೆಗೆ ಯಾವ ಪಾಠ, ಹಾಜರಿ ಪುಸ್ತಕವು ಯಾವ ಬೀರುವಿನಲ್ಲಿದೆ ಎಂಬುದೆಲ್ಲ ಕಚೇರಿಯ ಕೆಲಸ. ಹೊಸದಾಗಿ ಬಂದ ಉಪಾಧ್ಯಾಯಿನಿಯು ಸೀಮೆಸುಣ್ಣವನ್ನು ತಾನೇ ತಯಾರಿಸಬೇಕಾಗಿಲ್ಲ. ಕಚೇರಿಯನ್ನು ಕೇಳಿದರೆ ಸಾಕು. ಅದರಂತೆಯೇ ತಂತ್ರಾಂಶವು ಅಕ್ಷರವನ್ನು ತೆರೆಯ ಮೇಲೆ ತೋರಿಸಬೇಕಾದರೂ, ಬರೆದುದನ್ನು ಡಿಸ್ಕಿನಲ್ಲಿ ಇಡಬೇಕಾದರೂ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳುತ್ತದೆ. ಕಚೇರಿಗೆ ತಿಳಿದ ವಿದ್ಯೆ ಶಾಲೆಗೆಲ್ಲ ದೊರೆಯುತ್ತದೆ. ಕಚೇರಿಗೆ ತಿಳಿಯದುದನ್ನು ಪ್ರತಿಯೊಬ್ಬ ಉಪಾಧ್ಯಾಯಿನಿಯೂ ತನ್ನ ಮನೆಯಿಂದಲೇ ಹೊತ್ತು ತರಬೇಕಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು; ಕನ್ನಡದ ಕಥೆಯೆಲ್ಲ ಇದರ ಮೇಲೆ ನಿಂತಿದೆ.

2. ಆವೃತ್ತಿಯ ಅಂಕಿಯನ್ನು ಓದುವ ಕ್ರಮ

ಕಾರ್ಯಾಚರಣ ವ್ಯವಸ್ಥೆಯ ಹೆಸರಿನ ಮುಂದೆ 2.0, 3.3, 6.22 ಎಂಬಂಥ ಅಂಕಿಗಳಿರುತ್ತವೆ. ಚುಕ್ಕೆಯ ಎಡಗಡೆಯ ಅಂಕಿ ಹೆಚ್ಚಿದರೆ ದೊಡ್ಡ ಬದಲಾವಣೆ ಆಗಿದೆಯೆಂದೂ, ಬಲಗಡೆಯದು ಹೆಚ್ಚಿದರೆ ತಿದ್ದುಪಡಿಯೋ ಸಣ್ಣ ಸೇರ್ಪಡೆಯೋ ಆಗಿದೆಯೆಂದೂ ಸಾಮಾನ್ಯವಾಗಿ ತಿಳಿಯಬೇಕು. ಪುಸ್ತಕಕ್ಕೆ ಹೊಸ ಅಧ್ಯಾಯ ಸೇರಿಸುವುದು ಒಂದು ಬಗೆ, ಒಪ್ಪೋಲೆ ಹಚ್ಚುವುದು ಇನ್ನೊಂದು ಬಗೆ ಅಲ್ಲವೆ? ಅಂಕಿಯು ದೊಡ್ಡದಾದ ಮಾತ್ರಕ್ಕೆ ವಸ್ತುವು ಉತ್ತಮವೆಂದು ಭಾವಿಸತಕ್ಕದ್ದಲ್ಲ ಎಂಬುದಕ್ಕೆ ಮುಂದೆ ದೃಷ್ಟಾಂತ ಬರುತ್ತದೆ. ಪ್ರತಿಯೊಂದು ಅಂಕಿಯ ಹಿಂದೆಯೂ ಯಾವುದೋ ಒಂದು ಅಗತ್ಯವಿರುತ್ತದೆ. ಅದನ್ನು ಹುಡುಕಿ ತಿಳಿದರೆ ಅಂಕಿಯು ತಾನೇ ಮನಸ್ಸಿನಲ್ಲಿ ನಿಲ್ಲುತ್ತದೆ.

3. ಸಿಪಿ/ಎಂ

ಅಮೆರಿಕೆಯ ಮಾಂಟೆರೇ ಎಂಬ ಊರಿನ ನೌಕಾದಳದ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಗ್ಯಾರಿ ಕಿಲ್ಡಾಲ್ ಎಂಬವರು 1974ರಲ್ಲಿ ಇಂಟೆಲ್ 8080 ಎಂಬ ಪುಟ್ಟ ಸಂಸ್ಕಾರಕಕ್ಕಾಗಿ ಸಿಪಿ/ಎಂ ಎಂಬ ವ್ಯವಸ್ಥೆಯನ್ನು ರಚಿಸಿದರು. ಆ ಕಾಲದಲ್ಲಿ ಒಬ್ಬೊಬ್ಬ ತಯಾರಕನ ಯಂತ್ರ ಒಂದೊಂದು ಬಗೆಯಾಗಿದ್ದು, ಒಂದಕ್ಕಾಗಿ ಬರೆದ ತಂತ್ರಾಂಶವು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಕಿಲ್ಡಾಲರು ಯಂತ್ರಕ್ಕೆ ನೇರವಾಗಿ ತಗಲುವ ಭಾಗವನ್ನು ಮಾತ್ರ ಬಯಾಸ್ ಎಂಬ ಹೆಸರಿನಿಂದ ಬೇರೆ ಮಾಡಿದರು. ಹೊಸ ಯಂತ್ರ ಬಂದಾಗ ಆ ಚಿಕ್ಕ ಭಾಗವೊಂದನ್ನೇ ತಿದ್ದಿದರಾಯಿತು. ಉಳಿದುದೆಲ್ಲ ಹಾಗೆಯೇ ನಡೆಯುವುದು. ಬಯಾಸ್ ಎಂಬ ಆ ಹೆಸರು ಇಂದಿಗೂ ಬಳಕೆಯಲ್ಲಿ ಉಳಿದಿದೆ. ಈ ವ್ಯವಸ್ಥೆಯ ಆವೃತ್ತಿಗಳಲ್ಲಿ 2.2 ಎಂಬುದು ಬಹಳ ಪ್ರಸಿದ್ಧವಾಯಿತು. ಕಡತದ ಹೆಸರಿಗೆ ಎಂಟು ಅಕ್ಷರ, ಚುಕ್ಕೆಯಾದ ಮೇಲೆ ಮೂರಕ್ಷರ ಎಂಬ ಕಟ್ಟಳೆಯೂ ಅದರಲ್ಲಿತ್ತು. ಆ ಕಟ್ಟಳೆಯನ್ನೇ ಮುಂದಿನ ಡಾಸ್ ಅನುಸರಿಸಿತು.

ಕಿಲ್ಡಾಲರ ಪತ್ನಿ ಡಾರತಿ ಮೆಕ್‌ಈವನ್ ಅವರು ಡಿಜಿಟಲ್ ರಿಸರ್ಚ್ ಎಂಬ ಆ ಸಂಸ್ಥೆಯ ಸಹಸ್ಥಾಪಕಿಯಾಗಿದ್ದು, ಅದರ ವ್ಯವಹಾರವನ್ನೆಲ್ಲ ನಡೆಸುತ್ತಿದ್ದರೆಂಬುದನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಲಿ. ಗಣಕದ ಚರಿತ್ರೆಯನ್ನು ಹೇಳುವವರು ಇಂಥ ಹೆಸರುಗಳನ್ನು ಅನೇಕವೇಳೆ ಬಿಟ್ಟುಬಿಡುತ್ತಾರೆ.

4. ಡಾಸ್‌ನ ಆವೃತ್ತಿಗಳು

ಸಿಯಾಟಲ್ ನಗರದ ಟಿಮ್ ಪ್ಯಾಟರ್ಸನ್ ಎಂಬವರು 1980ರಲ್ಲಿ 8086 ಎಂಬ ಹೊಸ ಸಂಸ್ಕಾರಕಕ್ಕಾಗಿ ಒಂದು ವ್ಯವಸ್ಥೆಯನ್ನು ತ್ವರೆಯಾಗಿ ಸಿದ್ಧಪಡಿಸಿದರು. ಅವಸರದಲ್ಲಿ ಒರಟಾಗಿ ಮಾಡಿದ್ದು ಎಂಬರ್ಥದ ಹೆಸರನ್ನೇ ಅದಕ್ಕೆ ಮೊದಲು ಇಟ್ಟಿದ್ದರು. 1981ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಅದೇ ವರ್ಷದ ಆಗಸ್ಟ್ 12ರಂದು ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದಾಗ ಅದರ ಸಂಗಡ ಬಂದದ್ದು ಈ ವ್ಯವಸ್ಥೆಯೇ. ಇದಕ್ಕೆ 40 ಡಾಲರುಗಳ ಬೆಲೆಯೂ, ಆ ಯಂತ್ರಕ್ಕೆಂದು ಬಂದ ಸಿಪಿ/ಎಂಗೆ 240 ಡಾಲರುಗಳ ಬೆಲೆಯೂ ಇದ್ದುದರಿಂದ ಜನರು ಯಾವುದನ್ನು ಆರಿಸಿಕೊಂಡರೆಂದು ಹೇಳಬೇಕಾಗಿಲ್ಲ.

ಮುಂದಿನ ಆವೃತ್ತಿಗಳನ್ನು ಅವುಗಳ ಅಗತ್ಯದೊಡನೆ ನೋಡೋಣ.

ಆವೃತ್ತಿ 1.0 (1981). ಒಂದೇ ಪಕ್ಕದಲ್ಲಿ ಬರೆಯಬಲ್ಲ 160 ಕಿಲೋಬೈಟ್ ಫ್ಲಾಪಿಗಾಗಿ ಇದು ರಚಿತವಾಯಿತು. ಒಂದು ಬೈಟ್ ಎಂದರೆ ಒಂದು ಇಂಗ್ಲಿಷ್ ಅಕ್ಷರದಷ್ಟು ಸ್ಥಳವೆಂದಿಟ್ಟುಕೊಂಡರೆ, ಪುಟಕ್ಕೆ 2000 ಅಕ್ಷರಗಳಂತೆ ಸುಮಾರು 80 ಪುಟಗಳ ಬರಹ ಅದರಲ್ಲಿ ಹಿಡಿಯುತ್ತಿತ್ತು. ಕಡತಗಳೆಲ್ಲವೂ ಒಂದೇ ಪಟ್ಟಿಯಲ್ಲಿ ಇರುತ್ತಿದ್ದುವು.

ಆವೃತ್ತಿ 2.0 (1983). 10 ಮೆಗಾಬೈಟಿನ ಹಾರ್ಡ್ ಡಿಸ್ಕುಳ್ಳ ಯಂತ್ರವು ಬಂದಿತು. ಸಾವಿರಾರು ಕಡತಗಳನ್ನು ಒಂದೇ ಪಟ್ಟಿಯಲ್ಲಿ ಇಟ್ಟರೆ ಹುಡುಕುವುದು ಹೇಗೆ? ಆದಕಾರಣ ಬೀರುವಿನೊಳಗೆ ಅರೆ, ಅರೆಯೊಳಗೆ ಕಟ್ಟು ಎಂಬಂತೆ ಡೈರೆಕ್ಟರಿಯೊಳಗೆ ಡೈರೆಕ್ಟರಿಯನ್ನಿಡುವ ಪದ್ಧತಿಯನ್ನು ಯೂನಿಕ್ಸ್ ಎಂಬ ಹಿರಿಯ ವ್ಯವಸ್ಥೆಯಿಂದ ಎರವಲು ತಂದರು.

ಆವೃತ್ತಿ 3.0 (1984). 1.2 ಮೆಗಾಬೈಟಿನ ಫ್ಲಾಪಿಗಾಗಿ ಬಂದಿತು. 1986ರ 3.2ರಲ್ಲಿ ಮೂರೂವರೆ ಅಂಗುಲದ ಗಟ್ಟಿ ಹೊದಿಕೆಯ ಫ್ಲಾಪಿಗೂ, 1987ರ 3.3ರಲ್ಲಿ ಅದರ 1.44 ಮೆಗಾಬೈಟಿನ ರೂಪಕ್ಕೂ ಅವಕಾಶವಾಯಿತು. ಬಹುಮಂದಿ ಪೂರ್ವವಿದ್ಯಾರ್ಥಿನಿಯರು ಕಂಡಿರುವ ಫ್ಲಾಪಿ ಇದೇ.

ಆವೃತ್ತಿ 4.0 (1988). ಅದುವರೆಗೆ ಡಿಸ್ಕಿನ ಒಂದು ವಿಭಾಗವು 32 ಮೆಗಾಬೈಟನ್ನು ಮೀರಲಾಗುತ್ತಿರಲಿಲ್ಲ. ಏಕೆಂದರೆ ಡಿಸ್ಕಿನ ಸ್ಥಳವನ್ನು 512 ಬೈಟುಗಳ ತುಂಡುಗಳಾಗಿ ಮಾಡಿ, ಅವುಗಳಿಗೆ 65,536ರವರೆಗೆ ಮಾತ್ರ ಎಣಿಸಬಲ್ಲ ಸಂಖ್ಯೆಯಿಂದ ಗುರುತು ಹಾಕುತ್ತಿದ್ದರು. ಎರಡನ್ನೂ ಗುಣಿಸಿದರೆ 3,35,54,432 ಬೈಟುಗಳಾಗುತ್ತವೆ. ಅದೇ 32 ಮೆಗಾಬೈಟು. 4.0 ಆ ಮೇರೆಯನ್ನು ದಾಟಿಸಿತು. ಆದರೆ ಇದು ಯಂತ್ರದ ಸ್ಮರಣೆಯನ್ನು ಹೆಚ್ಚಾಗಿ ಕಬಳಿಸುತ್ತಿದ್ದುದರಿಂದಲೂ ದೋಷಗಳು ತೋರಿಬಂದುದರಿಂದಲೂ ಅನೇಕರು 3.3ರಲ್ಲಿಯೇ ನಿಂತರು. ಅಂಕಿಯು ದೊಡ್ಡದಾದರೆ ಸಾಲದೆಂಬುದಕ್ಕೆ ಇದೇ ದೃಷ್ಟಾಂತ. ಆ ಕೊರತೆಗಳನ್ನು ತುಂಬಿಕೊಟ್ಟದ್ದು 1991ರ 5.0.

ಆವೃತ್ತಿ 6.22 (1994). ಇದರ ಹಿಂದೆ ನ್ಯಾಯಾಲಯದ ಕಥೆಯೊಂದುಂಟು. ಡಿಸ್ಕಿನಲ್ಲಿರುವ ಬರಹವನ್ನು ಕುಗ್ಗಿಸಿ ಇಡುವ ಉಪಾಯವು 6.0ರಲ್ಲಿ ಬಂದಿತ್ತು. ಅದು ತಮ್ಮ ಪೇಟೆಂಟನ್ನು ಉಲ್ಲಂಘಿಸಿದೆಯೆಂದು ಸ್ಟ್ಯಾಕ್ ಎಂಬ ಸಂಸ್ಥೆಯವರು ವ್ಯಾಜ್ಯ ಹೂಡಿದರು. ತೀರ್ಪು ಅವರ ಪರವಾಗಲು 6.21ರಲ್ಲಿ ಆ ಉಪಾಯವನ್ನು ತೆಗೆದುಹಾಕಿ, 6.22ರಲ್ಲಿ ಬೇರೊಂದು ವಿಧಾನದಿಂದ ಅದನ್ನು ಮರಳಿ ಸೇರಿಸಿದರು.

ಈ ಹಳೆಯ ಆವೃತ್ತಿಗಳಲ್ಲಿ ಕೆಲವನ್ನು ಇಂದು ಯಾರಾದರೂ ಓದಬಹುದು. 1.1 ಮತ್ತು 2.0ರ ಮೂಲ ಬರಹವು 2014ರಲ್ಲಿಯೂ, 4.0ರದು 2024ರಲ್ಲಿಯೂ ಸಾರ್ವಜನಿಕರಿಗೆ ತೆರೆಯಲ್ಪಟ್ಟಿವೆ. ಗಣಕಶಾಸ್ತ್ರವನ್ನು ಕಲಿಯುತ್ತಿರುವ ನಮ್ಮ ಹುಡುಗಿಯರಿಗೆ ಇವು ಒಳ್ಳೆಯ ಪಾಠಪುಸ್ತಕಗಳು.

5. ಭಾರತದ ಶಾಲೆಗಳಿಗೆ ಬಂದ ಮೊದಲ ಗಣಕ

ಡಾಸ್ 3.0 ಹೊರಬಂದ ವರ್ಷದಲ್ಲಿಯೇ, ಅಂದರೆ 1984ರಲ್ಲಿ, ಭಾರತ ಸರ್ಕಾರವು ಶಾಲೆಗಳಲ್ಲಿ ಗಣಕವನ್ನು ಪರಿಚಯಿಸಲು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತು. ಮೊದಲು ಸುಮಾರು 250 ಶಾಲೆಗಳನ್ನು ಆರಿಸಿ, ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯವರ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಡಲಾಯಿತು. ಅದರ ಸ್ಮರಣೆ 32 ಕಿಲೋಬೈಟು ಮಾತ್ರ. ಅದರ ಬೇಸಿಕ್ ಭಾಷೆಯ ತಂತ್ರಾಂಶವನ್ನು ಬರೆದವರು ಸೋಫೀ ವಿಲ್ಸನ್ ಎಂಬ ಮಹಿಳೆ.

ಆ ಯಂತ್ರದ ಕಾರ್ಯಾಚರಣ ವ್ಯವಸ್ಥೆಯು ಡಿಸ್ಕಿನಲ್ಲಿರದೆ, ಒಳಗಿನ ಒಂದು ಚಿಪ್ಪಿನಲ್ಲಿಯೇ ಅಚ್ಚಾಗಿ ಇರುತ್ತಿತ್ತು. ಯಂತ್ರದ ಗುಂಡಿಯನ್ನು ಒತ್ತಿದೊಡನೆ ಕೆಲಸಕ್ಕೆ ಸಿದ್ಧ. ಆದರೆ ಹೊಸ ಆವೃತ್ತಿ ಬೇಕಾದರೆ ಯಂತ್ರವನ್ನು ಬಿಚ್ಚಿ ಆ ಚಿಪ್ಪನ್ನು ಕಿತ್ತು ಬೇರೆ ಚಿಪ್ಪನ್ನು ಕೂರಿಸಬೇಕಾಗಿತ್ತು. ಇದು ಶಿಲಾಶಾಸನವಿದ್ದಂತೆ, ಡಾಸ್ ಓಲೆಯ ಬರಹವಿದ್ದಂತೆ. ಶಾಸನ ಬಹುಕಾಲ ನಿಲ್ಲುವುದು. ಓಲೆಯನ್ನು ಸುಲಭವಾಗಿ ಪ್ರತಿ ಮಾಡಿ ತಿದ್ದಬಹುದು. ಬಹುಬೇಗ ಬದಲಾಗುವ ವಿದ್ಯೆಗೆ ಓಲೆಯೇ ಅನುಕೂಲವೆಂದು ಲೋಕವು ಕಂಡುಕೊಂಡಿತು.

6. ಕಚೇರಿಗೆ ಕನ್ನಡ ತಿಳಿಯದಿದ್ದ ಕಾಲ

ಇಷ್ಟು ಆವೃತ್ತಿಗಳು ಬಂದರೂ ಅವುಗಳಲ್ಲಿ ಒಂದಕ್ಕೂ ಕನ್ನಡ ತಿಳಿದಿರಲಿಲ್ಲ. ಕಾರಣವನ್ನು ವಿಚಾರಿಸೋಣ. ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಆ ಕಾಲದ ಪದ್ಧತಿಯಲ್ಲಿ ಅಕ್ಷರಗಳಿಗೆ ಒಟ್ಟು 256 ಸ್ಥಾನಗಳು. ಮೊದಲ 128 ಸ್ಥಾನಗಳು ಇಂಗ್ಲಿಷಿನ ಅಕ್ಷರಗಳಿಗೂ ಅಂಕಿಗಳಿಗೂ ಚಿಹ್ನೆಗಳಿಗೂ ಸಂದವು. ಉಳಿದ 128 ಸ್ಥಾನಗಳಲ್ಲಿ ಯೂರೋಪಿನ ಭಾಷೆಗಳ ವಿಶೇಷ ಅಕ್ಷರಗಳನ್ನಿಟ್ಟರು. ಡಾಸ್ 3.3ರಲ್ಲಿ ದೇಶಕ್ಕೆ ತಕ್ಕ ಅಕ್ಷರಪಟ್ಟಿಯನ್ನು ಬದಲಾಯಿಸಿಕೊಳ್ಳುವ ಏರ್ಪಾಡು ಬಂದು, ಪೋರ್ಚುಗೀಸರಿಗೂ ಕೆನಡಾದ ಫ್ರೆಂಚರಿಗೂ ಉತ್ತರ ಯೂರೋಪಿನವರಿಗೂ ಪಟ್ಟಿಗಳು ದೊರೆತವು. ಕನ್ನಡಕ್ಕೆ ಪಟ್ಟಿ ಇರಲಿಲ್ಲ.

ಪಟ್ಟಿಯೊಂದನ್ನು ಮಾಡಿದ್ದರೂ ಸಾಲುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ನಿಂತರೆ ಶಬ್ದವಾಗುತ್ತದೆ. ಕನ್ನಡದಲ್ಲಿ ಗುಣಿತವೂ ಒತ್ತಕ್ಷರವೂ ಉಂಟು; ಅಕ್ಷರದ ಕೆಳಗೆ, ಮೇಲೆ, ಮುಂದೆ ಗುರುತುಗಳು ಸೇರುತ್ತವೆ. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು ಇದನ್ನು ಚೆನ್ನಾಗಿ ಬಲ್ಲರು. ಡಾಸ್‌ನ ಬರಹದ ತೆರೆಯಾದರೋ 25 ಸಾಲು, ಸಾಲಿಗೆ 80 ಸಮಾನವಾದ ಮನೆಗಳುಳ್ಳ ಪಗಡೆಯ ಹಾಸಿನಂತೆ ಇತ್ತು. ಅದರಲ್ಲಿ ‘ಸ್ತ್ರೀ’ ಎಂದು ಬರೆಯುವುದೆಂತು?

ಆದಕಾರಣ ಕನ್ನಡವು ಹೊರಗಿನಿಂದ ಬರಬೇಕಾಯಿತು. ಕಾನ್ಪುರದ ಐಐಟಿಯಲ್ಲಿ ದೇವನಾಗರಿಗಾಗಿ ನಡೆದ ಸಂಶೋಧನೆಯಿಂದ ಬೆಳೆದ ‘ಜಿಸ್ಟ್’ ಎಂಬ ಕಾರ್ಡನ್ನು ಪುಣೆಯ ಸಿಡ್ಯಾಕ್ ಸಂಸ್ಥೆಯವರು ಪ್ರಚಾರಕ್ಕೆ ತಂದರು. ಅದನ್ನು ಗಣಕದೊಳಗೆ ಸಿಕ್ಕಿಸಿದರೆ ಡಾಸ್‌ನಲ್ಲಿಯೇ ಭಾರತೀಯ ಲಿಪಿಗಳು ಕಾಣುತ್ತಿದ್ದುವು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವಿರಬೇಕೆಂಬ ಇಸ್ಕೀ ಎಂಬ ನಿಯಮವು 1991ರಲ್ಲಿ ಭಾರತೀಯ ಮಾನಕವಾಗಿ ಅಂಗೀಕೃತವಾಯಿತು.

ನಮ್ಮ ನಾಡಿನಲ್ಲಿ ಈ ಕಾರ್ಯಕ್ಕೆ ಕೈಹಾಕಿದವರೊಳಗೆ ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಅಗ್ರಗಣ್ಯರು. ಡಾಸ್‌ನಲ್ಲಿ ನಡೆಯುವ ಕನ್ನಡ ತಂತ್ರಾಂಶವನ್ನು ರಚಿಸಿ, ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಗೌರವಾರ್ಥವಾಗಿ ಅದಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಅವರು ಏರ್ಪಡಿಸಿದ ಕೀಲಿಮಣೆಯ ಕ್ರಮವು ಬಹಳ ಸರಳವಾದುದು. ಅರ್ಧಾಕ್ಷರಕ್ಕೆ ‘ಎಫ್’ ಎಂಬ ಕೀಲಿ. ‘ಕನ್ನಡ’ ಎಂದು ಬರೆಯಬೇಕಾದರೆ ಕ, ನ, ಅರ್ಧಾಕ್ಷರದ ಗುರುತು, ನ, ಡ ಎಂದು ಐದು ಕೀಲಿಗಳನ್ನು ಒತ್ತಬೇಕು. ಅಂದರೆ ಬಾಯಿಂದ ನುಡಿಯುವ ಕ್ರಮವೇ ಬೆರಳಿನ ಕ್ರಮ. ಇಂದು ಸರ್ಕಾರಿ ಕಚೇರಿಗಳಲ್ಲಿ ನುಡಿ ತಂತ್ರಾಂಶದೊಡನೆ ಕಲಿಯುವ ಕೀಲಿಮಣೆಯ ಮೂಲ ಇದೇ.

1992ರಲ್ಲಿ ವಿಂಡೋಸ್ 3.1 ಬಂದ ಮೇಲೆ ಇನ್ನೊಂದು ಬಾಗಿಲು ತೆರೆಯಿತು. ಅದರಲ್ಲಿ ಅಕ್ಷರದ ಆಕಾರವನ್ನು ಫಾಂಟ್ ಎಂಬ ಪ್ರತ್ಯೇಕ ಕಡತದಲ್ಲಿಟ್ಟು ಬೇಕಾದ ಗಾತ್ರದಲ್ಲಿ ತೋರಿಸಬಹುದಾಗಿತ್ತು. ಜಾಣರು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಚಿತ್ರಿಸಿಟ್ಟರು. ಗಣಕವು ಇಂಗ್ಲಿಷ್ ಬರೆಯುತ್ತಿರುವೆನೆಂದೇ ತಿಳಿದಿರುತ್ತದೆ. ನೋಡುವವರಿಗೆ ಮಾತ್ರ ಕನ್ನಡ. ಇದೇ ಉಪಾಯದಿಂದ ಶ್ರೀಲಿಪಿ, ಪ್ರಕಾಶಕ ಮೊದಲಾದ ತಂತ್ರಾಂಶಗಳು ಪತ್ರಿಕೆಗಳಿಗೂ ಮುದ್ರಣಾಲಯಗಳಿಗೂ ಕನ್ನಡವನ್ನು ಒದಗಿಸಿದುವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ದ ಮೊದಲ ಆವೃತ್ತಿಯನ್ನು ಹೊರತಂದರು, ಮನೆಮನೆಗಳಲ್ಲಿಯೂ ಪರದೇಶದ ಕನ್ನಡ ಕುಟುಂಬಗಳಲ್ಲಿಯೂ ಅದು ಬಳಕೆಗೆ ಬಂದಿತು. ಹೊಸ ಶತಮಾನದ ಆದಿಯಲ್ಲಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಲು ಸರ್ಕಾರವು ಅದನ್ನು ಕಚೇರಿಗಳಲ್ಲಿ ಬಳಕೆಗೆ ತಂದಿತು.

ಇವರೆಲ್ಲರ ಉಪಕಾರವನ್ನು ಮರೆಯಲಾಗದು. ಇವರು ಕಾದು ಕುಳಿತಿದ್ದರೆ ಒಂದು ತಲೆಮಾರು ಕನ್ನಡವಿಲ್ಲದೆ ಗಣಕವನ್ನು ಕಲಿಯಬೇಕಾಗುತ್ತಿತ್ತು. ಆದರೆ ಉಪಾಯಕ್ಕೆ ತಕ್ಕ ಅಪಾಯವೂ ಉಂಟಷ್ಟೆ. ನುಡಿ, ಬರಹಗಳ ಹಳೆಯ ಕಡತದಲ್ಲಿ ‘ಕ’ ಎಂಬ ಅಕ್ಷರವು ಇಂಗ್ಲಿಷಿನ ‘ಪಿ’ ಎಂಬ ದೊಡ್ಡಕ್ಷರವಾಗಿಯೂ, ಅದರ ತಲೆಕಟ್ಟು ನೆತ್ತಿಯ ಮೇಲೆ ಗೀಟಿರುವ ‘ಎ’ ಎಂಬ ಅಕ್ಷರವಾಗಿಯೂ ಶೇಖರವಾಗಿದೆ. ಫಾಂಟು ಇರುವವರೆಗೆ ಅದು ‘ಕ’. ಫಾಂಟು ಇಲ್ಲದ ಯಂತ್ರದಲ್ಲಿ ಅದು ಬರಿಯ ‘ಪಿ’ ಮತ್ತು ‘ಎ’. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಕನ್ನಡವು ಆ ಕಡತದೊಳಗೆ ಎಂದೂ ಇರಲಿಲ್ಲ. ಅದು ಇದ್ದದ್ದು ಫಾಂಟಿನಲ್ಲಿ ಮಾತ್ರ.

7. ಕಚೇರಿಯು ಕನ್ನಡವನ್ನು ಕಲಿತ ವರ್ಷ

ಲೋಕದ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಎಂಬ ಏರ್ಪಾಡಿನ ಮೊದಲ ಆವೃತ್ತಿಯು 1991ರಲ್ಲಿ ಪ್ರಕಟವಾಯಿತು. ಭಾರತೀಯ ಲಿಪಿಗಳ ವಿಷಯದಲ್ಲಿ ಅದು ಇಸ್ಕೀ ಕ್ರಮವನ್ನೇ ಅನುಸರಿಸಿತು. ಅದರಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಬೇರೆ ಯಾವ ಲಿಪಿಯೂ ಅಲ್ಲಿಗೆ ಬರುವಂತಿಲ್ಲ. ‘ಕನ್ನಡ’ ಎಂಬ ಶಬ್ದವು ಅದರ ಪ್ರಕಾರ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ಇವು ಮೇಲೆ ಹೇಳಿದ ಐದು ಕೀಲಿಗಳಿಗೆ ಸರಿಯಾಗಿ ಹೊಂದಿಕೊಂಡಿರುವುದನ್ನು ಗಮನಿಸಿರಿ: 3277 ಎಂಬುದೇ ಅರ್ಧಾಕ್ಷರದ ಗುರುತು.

ಸಂಖ್ಯೆ ದೊರೆತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಐದು ಸಂಖ್ಯೆಗಳನ್ನು ಕಂಡು, ಎರಡನೆಯ ‘ನ’ಕಾರವನ್ನು ಒತ್ತಾಗಿಸಿ ಮೊದಲನೆಯದರ ಕೆಳಗೆ ಕೂರಿಸುವ ಜ್ಞಾನವು ಕಾರ್ಯಾಚರಣ ವ್ಯವಸ್ಥೆಗೆ ಇರಬೇಕು. 1993ರ ವಿಂಡೋಸ್ ಎನ್‌ಟಿಯು ಒಳಗೆ ಯೂನಿಕೋಡ್ ಸಂಖ್ಯೆಗಳನ್ನೇ ಬಳಸುತ್ತಿದ್ದರೂ ಈ ಜ್ಞಾನ ಅದಕ್ಕಿರಲಿಲ್ಲ. 1995ರ ಮತ್ತು 1998ರ ವಿಂಡೋಸ್‌ಗಳಿಗೂ ಇರಲಿಲ್ಲ. ವಿಂಡೋಸ್ 2000 ದೇವನಾಗರಿಯನ್ನೂ ತಮಿಳನ್ನೂ ಕಲಿಯಿತು. 2001ರ ಅಕ್ಟೋಬರ್ 25ರಂದು ಹೊರಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಗುಜರಾತಿ, ಗುರುಮುಖಿ, ತೆಲುಗು ಇವುಗಳ ಸಂಗಡ ಕನ್ನಡವೂ ಸೇರಿತು. ‘ತುಂಗಾ’ ಎಂಬ ಫಾಂಟು ಅದರಲ್ಲಿಯೇ ಇತ್ತು. ಅಂದು ಮೊದಲ್ಗೊಂಡು ವಿಂಡೋಸಿನ ಕಚೇರಿಗೆ ಕನ್ನಡ ತಿಳಿಯಿತು. ಆದರೂ ಎಕ್ಸ್‌ಪಿಯಲ್ಲಿ ಆ ಸೌಕರ್ಯವನ್ನು ನಾವೇ ಕೇಳಿ ಸೇರಿಸಿಕೊಳ್ಳಬೇಕಾಗಿತ್ತು. ಅದರ ಮುಂದಿನ ವಿಸ್ತಾದಿಂದ ಈಚೆಗೆ ಅದು ತಾನಾಗಿಯೇ ಇರುತ್ತದೆ.

ಇಲ್ಲಿ ಹೆಸರಿನ ಗೊಂದಲವೊಂದನ್ನು ಬಿಡಿಸಬೇಕು. 95, 98, 2000, ಎಕ್ಸ್‌ಪಿ, ವಿಸ್ತಾ ಎಂಬುವು ಅಂಗಡಿಯ ಹೆಸರುಗಳು. ಒಳಗಿನ ಆವೃತ್ತಿಯ ಅಂಕಿಗಳು ಕ್ರಮವಾಗಿ 4.0, 4.10, 5.0, 5.1, 6.0. ಹೆಸರಿನಿಂದ ಎಕ್ಸ್‌ಪಿಯು ತೀರ ಹೊಸದೆಂದು ತೋರಿದರೂ ಅಂಕಿಯಿಂದ ಅದು 2000ದ ತಂಗಿಯೆಂದು ತಿಳಿಯುತ್ತದೆ.

ಅದೇ 2001ರಲ್ಲಿ ಬೆಂಗಳೂರಿನಲ್ಲಿ ಬೇರೊಂದು ಪ್ರಯತ್ನವೂ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್ಕೋರ್ ಸಂಸ್ಥೆಯವರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈಗಾತ್ರದ ಗಣಕವನ್ನು ರೂಪಿಸಿದರು. ಅದು ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುತ್ತಿತ್ತು. ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು 1991ರಲ್ಲಿ 0.01 ಎಂಬ ಅತಿ ವಿನಯದ ಅಂಕಿಯಿಂದ ಆರಂಭಿಸಿ, 1994ರಲ್ಲಿ 1.0 ಎಂದು ಕರೆದ ವ್ಯವಸ್ಥೆಯದು. ಅದರ ಮೂಲ ಬರಹ ಎಲ್ಲರಿಗೂ ತೆರೆದಿರುವುದರಿಂದ, ತನ್ನ ಭಾಷೆಯನ್ನು ಸೇರಿಸಲು ಬಯಸುವವನು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ; ಆದರೆ ನಮ್ಮ ಭಾಷೆಯ ಕೆಲಸವನ್ನು ನಾವೇ ಮಾಡಿಕೊಳ್ಳಬಹುದೆಂಬುದನ್ನು ಅದು ತೋರಿಸಿತು.

8. ಇದರಿಂದ ನಮಗೇನು?

ಪೋಷಕರಲ್ಲಿ ಹೊಲ ಗದ್ದೆಗಳುಳ್ಳವರು ನಾಡಕಚೇರಿಗೆ ಹೋಗಿ ಪಹಣಿಯನ್ನು ಪಡೆಯುತ್ತಾರೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ‘ಭೂಮಿ’ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ಹಿಡುವಳಿದಾರರ ಹೆಸರುಗಳೊಡನೆ, ಕೈಬರಹದಿಂದ ಗಣಕಕ್ಕೆ ಏರಿದುವು. ಒಂದು ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಎಷ್ಟು ತೊಂದರೆಯೆಂಬುದು ಅವರಿಗೆ ಗೊತ್ತು. ಗಣಕದಲ್ಲಿ ಕನ್ನಡವು ಕನ್ನಡವಾಗಿಯೇ ಇರಬೇಕೆಂಬುದು ಕೇವಲ ಅಭಿಮಾನದ ಮಾತಲ್ಲವೆಂಬುದಕ್ಕೆ ಇಷ್ಟು ಸಾಕು.

ಹಳೆಯ ಫಾಂಟಿನ ಕಡತಗಳಿಂದ ಆಗುವ ನಷ್ಟಗಳು ಹಲವು. ಅವುಗಳಲ್ಲಿ ಒಂದು ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಗಣಕವು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿ, ಕಮಲೆಯನ್ನು ಎಲ್ಲಿಯೋ ಗಿರಿಜೆಯನ್ನು ಎಲ್ಲಿಯೋ ನಿಲ್ಲಿಸುತ್ತದೆ. ಕಣ್ಣು ಕಾಣದವರಿಗಾಗಿ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶವು ಅವುಗಳನ್ನು ಓದಲಾರದು. ಇನ್ನು ಫ್ಲಾಪಿಯಲ್ಲಿರುವ ಬರಹವನ್ನು ತೆರೆಯಲು ಹೊಸ ಯಂತ್ರಗಳಲ್ಲಿ ಬಾಯಿಯೇ ಇಲ್ಲ. ವ್ಯವಸ್ಥೆಗಳಿಗೂ ಆಯುಷ್ಯದ ಮಿತಿಯುಂಟು: ಎಕ್ಸ್‌ಪಿಗೆ ತಯಾರಕರ ಪೋಷಣೆ 2014ರ ಏಪ್ರಿಲ್ 8ಕ್ಕೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೂ ಮುಗಿಯಿತು.

ಆದುದರಿಂದ ಪೂರ್ವವಿದ್ಯಾರ್ಥಿನಿಯರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಮನೆಗಳಲ್ಲಿ, ಮಹಿಳಾ ಸಂಘಗಳಲ್ಲಿ, ನೀವು ಕೆಲಸ ಮಾಡುವ ಕಚೇರಿಗಳಲ್ಲಿ 2001ಕ್ಕೆ ಹಿಂದಿನವೂ ಅನಂತರ ಹಳೆಯ ಪದ್ಧತಿಯಲ್ಲಿಯೇ ಬರೆದವೂ ಆದ ಕನ್ನಡ ಕಡತಗಳು ಇದ್ದೇ ಇರುತ್ತವೆ. ಅಜ್ಜಿಯಿಂದ ಕೇಳಿ ಬರೆದುಕೊಂಡ ಸೋಬಾನೆಯ ಹಾಡುಗಳಿರಬಹುದು, ಸಂಘದ ನಡವಳಿಕೆಗಳಿರಬಹುದು. ಮೊದಲು ಅವುಗಳನ್ನು ಫ್ಲಾಪಿ, ಸಿಡಿಗಳಿಂದ ಹೊಸ ಯಂತ್ರಕ್ಕೆ ಪ್ರತಿ ಮಾಡಿರಿ, ಮೂಲವನ್ನು ಅಳಿಸಬೇಡಿರಿ. ತರುವಾಯ ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿಂದ ಪರಿವರ್ತಿಸಿರಿ. ಇವು ಹಣವಿಲ್ಲದೆ ದೊರೆಯುತ್ತವೆ. ಕೊನೆಗೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಲು ಇನ್ನೊಬ್ಬರು ಹೊಸದನ್ನು ನೋಡುತ್ತ ಕರಡು ತಿದ್ದಿರಿ. ಅರ್ಕಾವೊತ್ತಿನ ಕಡೆಗೆ ವಿಶೇಷ ಗಮನವಿರಲಿ. ‘ಸೂರ್ಯ’ ಎಂಬಲ್ಲಿ ಹಳೆಯ ಕಡತವು ‘ಯ’ವನ್ನು ಮೊದಲಿಟ್ಟು ಅರ್ಕಾವೊತ್ತನ್ನು ಹಿಂದೆ ಇಡುತ್ತದೆ, ಯೂನಿಕೋಡು ನುಡಿಯುವ ಕ್ರಮದಲ್ಲಿ ‘ರ’ವನ್ನು ಮೊದಲಿಡುತ್ತದೆ. ಪರಿವರ್ತನೆಯಲ್ಲಿ ತಪ್ಪುಗಳು ನುಸುಳುವುದು ಹೆಚ್ಚಾಗಿ ಇಂಥ ಸ್ಥಳಗಳಲ್ಲಿಯೇ. ಶಾಲೆಯ ದಿನಗಳಲ್ಲಿ ಕಲಿತ ಕಾಗುಣಿತವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯಂತ್ರಕ್ಕೆ ತಿಳಿಯದ ತಪ್ಪು ನಿಮ್ಮ ಕಣ್ಣಿಗೆ ಬೀಳುತ್ತದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು
(ಮನೆಯ ಮಕ್ಕಳೊಡನೆ ಕುಳಿತು ಬಿಡಿಸಬಹುದು.)

1. ಸಿಪಿ/ಎಂ ರಚಿಸಿದವರು ಯಂತ್ರಕ್ಕೆ ತಗಲುವ ಭಾಗವನ್ನು ಬೇರೆ ಮಾಡಿದ್ದರಿಂದ ಏನು ಪ್ರಯೋಜನವಾಯಿತು?

2. ಡಿಸ್ಕಿನ ತುಂಡು 512 ಬೈಟಿನ ಬದಲು 1024 ಬೈಟಿನದಾಗಿದ್ದರೆ, ಡಾಸ್ 3.3ರ ಮೇರೆ ಎಷ್ಟು ಮೆಗಾಬೈಟಿಗೆ ಏರುತ್ತಿತ್ತು?

3. ಯೂನಿಕೋಡಿನಲ್ಲಿ ‘ಅ’ಕ್ಕೆ 3205, ‘ಮ’ಕ್ಕೆ 3246. ‘ಅಮ್ಮ’ ಎಂಬುದನ್ನು ಸಂಖ್ಯೆಗಳಲ್ಲಿ ಬರೆಯಿರಿ.

4. ಡಾಸ್ 4.0 ಬಂದ ಮೇಲೂ ಅನೇಕರು 3.3ರಲ್ಲಿಯೇ ನಿಂತುದಕ್ಕೆ ಕಾರಣವೇನು?

5. ನಿಮ್ಮ ಮನೆಯ ಗಣಕದ ಅಥವಾ ಮೊಬೈಲಿನ ಕಾರ್ಯಾಚರಣ ವ್ಯವಸ್ಥೆಯ ಹೆಸರನ್ನೂ ಆವೃತ್ತಿಯ ಅಂಕಿಯನ್ನೂ ಕಂಡುಹಿಡಿದು ಬರೆಯಿರಿ.

6. ನಿಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ಕನ್ನಡ ಕಡತ ಯಾವುದು? ಅದು ಯಾವ ವರ್ಷದ್ದು, ಯಾವ ತಂತ್ರಾಂಶದಲ್ಲಿ ಬರೆದದ್ದು, ಈಗ ತೆರೆಯುತ್ತದೆಯೇ?